ಪಾದಕ್ಕೆ ಬಳಿದ ಸುಣ್ಣ

ಅನೇಜಕ್ಕನಿಗೆ ಈಗ ಎಪ್ಪತ್ತೆರಡು ವರ್ಷ. ಊರಿನ ಚಿಕ್ಕ ಮಕ್ಕಳೂ ಅವರನ್ನು ಅಕ್ಕ ಎಂದೇ ಕರೆಯುತ್ತಾರೆ. ಅಜ್ಜಿ ಎಂದರೆ ಅವರು ತಿರುಗಿ ನೋಡುವುದಿಲ್ಲ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಮೊಣಕಾಲೆತ್ತರದ ಒಂದು ಗೋಡೆ ಮಾತ್ರ. ಗೋಡೆಯ ಆಚೆ ಅವರ ಸುಣ್ಣದ ಗುಂಡಿ ಇದೆ. ಅದರಲ್ಲಿ ಸುಣ್ಣ ಮೂರು ವರ್ಷ ನೀರಿನಲ್ಲಿ ನೆನೆದು ಬೆಣ್ಣೆಯಂತಾಗುತ್ತದೆ. ಅದಕ್ಕೆ ಮೊದಲು ಯಾರು ಬೇಡಿಕೊಂಡರೂ ಒಂದು ಚಮಚ ಕೊಡುವುದಿಲ್ಲ.

ಈಸ್ಟರ್ ವಾರ ಬಂತೆಂದರೆ ನಮ್ಮ ದ್ವೀಪದಲ್ಲಿ ಎಲ್ಲರ ಕೈಯಲ್ಲೂ ಬ್ರಷ್ಷು. ಮನೆ, ಮೆಟ್ಟಿಲು, ಚರ್ಚಿನ ಗುಮ್ಮಟ, ಬೀದಿಯ ಕಲ್ಲುಗಳ ಸಂದಿ, ಅಂಜೂರದ ಮರದ ಬುಡ, ಯಾವುದನ್ನೂ ಬಿಡುವುದಿಲ್ಲ. ಒಂದೊಂದು ಮನೆತನಕ್ಕೆ ಬೀದಿಯ ಒಂದೊಂದು ಭಾಗ ಅಂತ ಹಿಂದಿನಿಂದ ಹಂಚಿಕೆಯಾಗಿದೆ. ಆದರೆ ಯಾರು ಬಳಿದರೂ ಅನೇಜಕ್ಕ ಬಳಿದ ಹಾಗಿರುವುದಿಲ್ಲ. ಅವರು ಬಳಿದ ಗೋಡೆಗೆ ಕಪ್ಪು ಬಟ್ಟೆ ಹಾಕಿಕೊಂಡು ಒರಗಬಹುದು. ಅವರ ನಾದಿನಿ ಮೋಸ್ಖಾ ಬಂದರಿನಲ್ಲಿ ಕಾಫಿ ಅಂಗಡಿ ಇಟ್ಟಿದ್ದಾರೆ. ಆ ಅಂಗಡಿಯ ಗೋಡೆಗೆ ಒರಗಿದವರೆಲ್ಲ ಬೆನ್ನು ಬಿಳಿ ಮಾಡಿಕೊಂಡೇ ಏಳುತ್ತಾರೆ.

"ನಿನ್ನ ಅಂಗಡೀಲಿ ಕಾಫಿ ಕುಡಿದವರನ್ನ ದೂರದಿಂದಲೇ ಗುರುತು ಹಿಡೀಬಹುದು ಕಣೇ" ಎನ್ನುತ್ತಾರೆ ಅನೇಜಕ್ಕ. "ಹಿಟ್ಟಿನ ಗಿರಣಿಯಿಂದ ಬಂದ ಹಾಗಿರ್ತಾರೆ."

"ನಿನ್ನ ಗೋಡೆ ಅಷ್ಟು ಗಟ್ಟಿ ಇದ್ದರೆ ಅದನ್ನೇ ಕಾಫಿಗೆ ಅದ್ದಿಕೊಂಡು ತಿನ್ನು ಅತ್ತಿಗೆ" ಎನ್ನುತ್ತಾರೆ ಮೋಸ್ಖಾ.

ಸುಣ್ಣದ ಕೆಲಸ ವರ್ಷಕ್ಕೆ ಒಂದು ತಿಂಗಳು. ಉಳಿದ ಹನ್ನೊಂದು ತಿಂಗಳು ಅನೇಜಕ್ಕ ಊರಿನ ಮ್ಯೂಸಿಯಂ ಗುಡಿಸುತ್ತಾರೆ. ಮ್ಯೂಸಿಯಂ ಎಂದರೆ ಗುಡ್ಡದ ಮೇಲಿನ ಹಳೆಯ ಶಾಲೆಯ ಒಂದೇ ಕೋಣೆ. ಅಲ್ಲಿ ಒಂದಷ್ಟು ಮಡಕೆ, ಮೂಗಿಲ್ಲದ ಒಂದು ಸಿಂಹ, ಮತ್ತು ನಟ್ಟನಡುವೆ ಒಂದು ಚೌಕದ ಪೀಠದ ಮೇಲೆ ಅಮೃತಶಿಲೆಯ ಒಂದು ಹಳೆಯ ವಿಗ್ರಹದ ಎರಡು ಪಾದಗಳು ಇದ್ದವು. ಬರೀ ಪಾದ. ಕಣಕಾಲಿನಿಂದ ಮೇಲೆ ಏನೂ ಇರಲಿಲ್ಲ. ಪಾದದ ಹೆಬ್ಬೆರಳು ಉಳಿದವಕ್ಕಿಂತ ಸ್ವಲ್ಪ ಮೇಲಕ್ಕೆತ್ತಿದೆ, ಇನ್ನೇನು ಹೆಜ್ಜೆ ಇಡುವವಳಂತೆ. ನಮ್ಮೂರಿನವರು ಆ ಪಾದಗಳನ್ನು 'ಹುಡುಗಿ' ಎನ್ನುತ್ತಿದ್ದರು. ಉಳಿದ ಹುಡುಗಿ ಉತ್ತರದ ಒಂದು ದೊಡ್ಡ ದೇಶದ ದೊಡ್ಡ ಮ್ಯೂಸಿಯಂನಲ್ಲಿ ಕಬ್ಬಿಣದ ಸಲಾಕೆಯ ಮೇಲೆ ನಿಂತಿದ್ದಳು.

ಇನ್ನೂರು ವರ್ಷದ ಹಿಂದೆ ಒಬ್ಬ ಹಡಗಿನ ಕಪ್ತಾನ ಅವಳಿಗೆ ಹಗ್ಗ ಕಟ್ಟಿ ಎತ್ತಿಸುವಾಗ ಅವಳು ಕಣಕಾಲಿನಲ್ಲಿ ಮುರಿದಳು. ಪಾದ ನಮಗೆ ಉಳಿಯಿತು, ಹುಡುಗಿ ಹಡಗು ಹತ್ತಿದಳು. ಕಪ್ತಾನನಿಗೆ ಅವಳನ್ನು ಮಾರಿದವನು ನಮ್ಮೂರಿನವನೇ ಎಂದು ಎಲ್ಲರೂ ಹೇಳುತ್ತಾರೆ. ಯಾವ ಮನೆಯವನು ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಆ ಮ್ಯೂಸಿಯಂನವರು ಮಾರುವ ಪುಸ್ತಕದಲ್ಲಿ ಹುಡುಗಿಯ ದೊಡ್ಡ ಫೋಟೋ ಇದೆ. ಪಂಚಾಯಿತಿ ಅಧ್ಯಕ್ಷ ಇಸಿದೋರೋಸ್ ಆ ಪುಸ್ತಕ ತರಿಸಿ ಊರಿಗೆಲ್ಲ ತೋರಿಸಿದ್ದ. ಅನೇಜಕ್ಕ ಮಾತ್ರ ಕಣ್ಣು ಮುಚ್ಚಿಕೊಂಡರು. "ಮುಖ ಬಂದ ಮೇಲೆ ನೋಡ್ತೀನಿ. ಕಾಗದದಲ್ಲಿ ನೋಡಿಬಿಟ್ಟರೆ ಅವಳು ಬರೋ ಅಗತ್ಯವೇ ಇಲ್ಲ ಅಂದ ಹಾಗಾಗುತ್ತೆ" ಎಂದರು. ಅದು ಇಪ್ಪತ್ತು ವರ್ಷದ ಹಿಂದಿನ ಮಾತು. ಆಮೇಲೆ ಅವರು ಒಮ್ಮೆಯೂ ಆ ಪುಸ್ತಕ ತೆರೆಯಲಿಲ್ಲ. ಇದನ್ನು ನಾನು ಇಸಿದೋರೋಸನನ್ನೂ ಮೋಸ್ಖಾ ಅವರನ್ನೂ ಬೇರೆ ಬೇರೆಯಾಗಿ ಕೇಳಿ ಖಚಿತ ಮಾಡಿಕೊಂಡಿದ್ದೇನೆ.

ಹುಡುಗಿಯನ್ನು ಕೊಡಿ ಎಂದು ನಮ್ಮೂರು ಎಷ್ಟೋ ಪತ್ರ ಬರೆದಿತ್ತು. ಆ ಮ್ಯೂಸಿಯಂ ಎಲ್ಲದಕ್ಕೂ ಮರ್ಯಾದೆಯಿಂದಲೇ ಉತ್ತರ ಕೊಡುತ್ತಿತ್ತು. ಉತ್ತರದಲ್ಲಿ ಎರಡೇ ಮಾತು. ಒಂದು: ನಿಮ್ಮ ಪಾದಗಳ ಮುರಿದ ಭಾಗ ಗಾಳಿಮಳೆಗೆ ಸವೆದು ನುಣ್ಣಗಾಗಿದೆ, ಆದ್ದರಿಂದ ಅವು ಇವಳದೇ ಎನ್ನಲು ಸಾಕ್ಷಿ ಇಲ್ಲ. ಎರಡು: ನಾವು ತರದೇ ಹೋಗಿದ್ದರೆ ಇವಳನ್ನು ನಿಮ್ಮವರು ಭಟ್ಟಿಯಲ್ಲಿ ಸುಟ್ಟು ಸುಣ್ಣ ಮಾಡಿಬಿಡುತ್ತಿದ್ದರು.

ಎರಡನೆಯ ಮಾತು ನಮಗೆ ಚುಚ್ಚುತ್ತಿತ್ತು, ಏಕೆಂದರೆ ಅದು ಪೂರ್ತಿ ಸುಳ್ಳಲ್ಲ. ಅನೇಜಕ್ಕನ ಮುತ್ತಾತನಿಗೆ ಸುಣ್ಣದ ಭಟ್ಟಿ ಇತ್ತು. ಗುಡ್ಡದ ಮೇಲೆ ಸಿಕ್ಕ ಕಲ್ಲನ್ನೆಲ್ಲ ಅವನು ಸುಟ್ಟಿದ್ದ. ಅದರಲ್ಲಿ ಎಷ್ಟು ಮೂಗಿತ್ತು, ಎಷ್ಟು ಕೈಯಿತ್ತು ಎಂದು ಯಾರೂ ನೋಡಿರಲಿಲ್ಲ.

ಹೋದ ವರ್ಷ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಆ ಮ್ಯೂಸಿಯಂ ಒಂದು ಪರೀಕ್ಷೆಗೆ ಒಪ್ಪಿತು. ಹುಡುಗಿಯ ಕಣಕಾಲಿನ ಮುರಿದ ಭಾಗದ ಪಡಿಯಚ್ಚು ತೆಗೆದು ಕಳಿಸುತ್ತೇವೆ. ಅದು ನಿಮ್ಮ ಪಾದದ ಮೇಲೆ ಕೂತರೆ ಹುಡುಗಿಯನ್ನು ಕೊಡುವ ಮಾತಾಡೋಣ. ಕೂರದಿದ್ದರೆ ಈ ವಿಷಯ ಇಲ್ಲಿಗೆ ಮುಗಿಯಿತು, ಎರಡೂ ಕಡೆ ಸಹಿ.

ಅಚ್ಚು ತಂದವರು ಡಾಕ್ಟರ್ ಹಾಲ್ಸ್ಟೆಡ್. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ, ಕೆಂಪು ಕಿವಿಯ ಮನುಷ್ಯ. ನಮ್ಮ ಭಾಷೆಯನ್ನು ಹಳೆಯ ಗ್ರಂಥಗಳಿಂದ ಕಲಿತಿದ್ದರು. ಮಂಗಳವಾರದ ಹಡಗಿನಿಂದ ಇಳಿದು, ಮೋಸ್ಖಾ ಕೊಟ್ಟ ಸುಟ್ಟ ಆಕ್ಟೋಪಸ್ಸಿನ ಕಾಲು ತಿಂದು, ಎದ್ದು ನಿಂತು ಹೇಳಿದರು: "ಎಲೈ ಗೃಹಿಣಿಯೇ, ಈ ಭೋಜನದಿಂದ ನಾನು ಪರಮ ಸಂತುಷ್ಟನಾಗಿರುವೆನು."

ಮೋಸ್ಖಾ ತಟ್ಟೆ ಹಿಡಿದುಕೊಂಡು ಹಾಗೇ ನಿಂತರು. "ನಮ್ಮ ಪಾದ್ರಿ ಕೂಡ ಇಷ್ಟು ಚೆನ್ನಾಗಿ ಮಾತಾಡಲ್ಲ. ಇವರಿಗೆ ಇನ್ನೊಂದು ಕಾಲು ಹಾಕ್ರಪ್ಪ!"

ಬುಧವಾರ ಬೆಳಿಗ್ಗೆ ಅರ್ಧ ಊರು ಮ್ಯೂಸಿಯಂ ಒಳಗಿತ್ತು, ಉಳಿದರ್ಧ ಕಿಟಕಿಯಲ್ಲಿತ್ತು. ಬಾಗಿಲು ತೆಗೆದವರು ಅನೇಜಕ್ಕ. ಆ ಬಾಗಿಲನ್ನು ಸೊಂಟದಿಂದ ಸ್ವಲ್ಪ ಎತ್ತಿಕೊಟ್ಟರೆ ಮಾತ್ರ ಕೀಲಿ ತಿರುಗುತ್ತದೆ. ಅಥೆನ್ಸಿನಿಂದ ಮಿರ್ಸಿನಿ ಬಂದಿದ್ದಳು. ಹಳೆಯ ಕಲ್ಲುಗಳನ್ನು ಶುಚಿ ಮಾಡಿ ಜೋಡಿಸುವುದೇ ಅವಳ ಕೆಲಸ, ತುಂಬ ಮಿತವಾಗಿ ಮಾತಾಡುವ ಹೆಂಗಸು. ಅವಳೂ ಹಾಲ್ಸ್ಟೆಡ್ ಅವರೂ ಕೈಗೆ ಬಟ್ಟೆಯ ಗವಸು ಹಾಕಿ ಪೆಟ್ಟಿಗೆಯಿಂದ ಅಚ್ಚನ್ನು ಎತ್ತಿ, ಉಸಿರು ಹಿಡಿದು, ಪಾದಗಳ ಮೇಲೆ ಇಳಿಸಿದರು.

ಅಚ್ಚು ಅಲುಗಾಡಿತು. ಈ ಕಡೆ ಒತ್ತಿದರೆ ಆ ಕಡೆ ಎದ್ದಿತು. ತಿರುಗಿಸಿ ನೋಡಿದರು, ಮುಂದಕ್ಕೆ ಸರಿಸಿ ನೋಡಿದರು. ನಡುವೆ ಅರ್ಧ ಬೆರಳಿನ ಸಂದು ಉಳಿದೇ ಉಳಿಯಿತು.

"ನನ್ನ ಅಂಗಡಿಯ ಮೂರನೇ ಮೇಜಿನ ಥರ ಆಡ್ತಾ ಇದೆಯಲ್ಲ" ಎಂದರು ಮೋಸ್ಖಾ ಕಿಟಕಿಯಿಂದ. ಯಾರೂ ನಗಲಿಲ್ಲ.

ಹಾಲ್ಸ್ಟೆಡ್ ಗವಸು ಕಳಚಿದರು. "ಕೂಡಿಕೊಳ್ಳುತ್ತಿಲ್ಲ. ನನಗೆ ವಿಷಾದವಾಗಿದೆ" ಎಂದರು. ಅವರಿಗೆ ನಿಜಕ್ಕೂ ವಿಷಾದವಾದಂತೆ ಕಾಣುತ್ತಿತ್ತು. ಗುರುವಾರದ ಹಡಗಿಗೆ ಹಿಂದಿರುಗುವುದಾಗಿ ಹೇಳಿದರು. ಇಸಿದೋರೋಸ್ ಕೋಟಿನ ಗುಂಡಿಗಳನ್ನು ಹಾಕುತ್ತ ಬಿಚ್ಚುತ್ತ ನಿಂತಿದ್ದ. ಆಗ ಅನೇಜಕ್ಕ ಕೋಣೆಯ ಮೂಲೆಯಲ್ಲಿ, ತಮ್ಮ ಎರಡೂ ಕೈಗಳನ್ನು ಏಪ್ರನ್ನಿನ ಒಳಗೆ ಬಚ್ಚಿಟ್ಟುಕೊಂಡು ನಿಂತಿದ್ದರು.

ಮಧ್ಯಾಹ್ನ ಗೋಡೆಯ ಆಚೆಯಿಂದ ಸುಣ್ಣ ಕಲಕುವ ಸದ್ದು ಕೇಳುತ್ತಿತ್ತು. ಕಲಕುವ ಅಗತ್ಯವೇನೂ ಇರಲಿಲ್ಲ. ಮೋಸ್ಖಾ ಅಂಗಡಿ ಬಿಟ್ಟು ಬಂದು ಗೋಡೆಯ ಮೇಲೆ ಕೂತರು.

"ಅತ್ತಿಗೆ, ಏನು ಮಾಡಿದೀಯ ಹೇಳು."

"ನಾನೇನು ಮಾಡಿದೆ?"

"ನಲವತ್ತೈದು ವರ್ಷದಿಂದ ನಿನ್ನ ಮುಖ ನೋಡ್ತಿದೀನಿ. ನಮ್ಮಮ್ಮನ ಹೂಜಿ ಒಡೆದಾಗಲೂ ಹೀಗೇ ಕೈ ಬಚ್ಚಿಟ್ಟುಕೊಂಡಿದ್ದೆ."

ಅನೇಜಕ್ಕ ಕೋಲು ಕೆಳಗಿಟ್ಟು ಹೇಳಿದರು. ಗೋಡೆಯ ಈಚೆ ನನಗೂ ಎಲ್ಲ ಕೇಳಿಸಿತು.

ಪಾದಗಳು ಮೊದಲು ಬಯಲಿನಲ್ಲಿ ಬಾವಿಯ ಪಕ್ಕ ಇದ್ದವು. ಆ ಜಾಗ ಸುಣ್ಣದ ಹಂಚಿಕೆಯಲ್ಲಿ ಅವರ ಮನೆತನದ್ದು. ಒಂಬತ್ತು ವರ್ಷವಾದಾಗ ಅವರ ಅಜ್ಜಿ ಕೈಗೆ ಬ್ರಷ್ಷು ಕೊಟ್ಟು ಕಲಿಸಿದ್ದರು: ಪಾದವನ್ನು ಬರೀ ನೀರಿನಲ್ಲಿ ತೊಳೆ, ಅದು ಜೀವಂತ ಇದೆ. ಮುರಿದ ಜಾಗಕ್ಕೆ ಮಾತ್ರ ಸುಣ್ಣ ಬಳಿ. ಅದು ಗಾಯ. ಹಬ್ಬದ ದಿನ ಗಾಯ ತೆರೆದಿರಬಾರದು. ಅಂದಿನಿಂದ ಪ್ರತಿ ವರ್ಷ ಒಂದು ಕೋಟು. ಊರೆಲ್ಲ ಬಿಳಿಯಾಗಿರುವಾಗ ಅಷ್ಟು ಬಿಳಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಪಾದಗಳು ಮ್ಯೂಸಿಯಂ ಸೇರಿ, 'ಮುಟ್ಟಬಾರದು' ಎಂಬ ಬೋರ್ಡು ಬಂದ ಮೇಲೂ ಅವರು ನಿಲ್ಲಿಸಲಿಲ್ಲ. ಕೀಲಿ ಅವರ ಕೈಯಲ್ಲೇ ಇತ್ತು. ಯಾರಿಗೂ ಗೊತ್ತಾಗದಿರಲಿ ಎಂದು ಸುಣ್ಣಕ್ಕೆ ಕಲ್ಲಿನ ಪುಡಿ, ಒಂದು ಚಿಟಿಕೆ ಕೆಮ್ಮಣ್ಣು ಸೇರಿಸಿ, ಒಣಗಿದ ಮೇಲೆ ಉಣ್ಣೆಯ ಬಟ್ಟೆಯಲ್ಲಿ ಉಜ್ಜುತ್ತಿದ್ದರು. ದೊಡ್ಡ ದೊಡ್ಡ ವಿದ್ವಾಂಸರು ಬಂದು ನೋಡಿ 'ಸವೆದು ನುಣ್ಣಗಾಗಿದೆ' ಎಂದು ಬರೆದುಕೊಂಡು ಹೋದದ್ದು ಅನೇಜಕ್ಕನ ಕೈಕೆಲಸವನ್ನು.

ಮೋಸ್ಖಾ ಬಗ್ಗಿ ಸುಣ್ಣದ ಗುಂಡಿಯೊಳಗೆ ಇಣುಕಿದರು. ಆಮೇಲೆ, "ಹಾಳಾದೋಳೆ, ಎಷ್ಟು ಚೆನ್ನಾಗಿ ಬಳಿದಿದೀಯ!" ಎಂದರು.

"ನಗಬೇಡ. ಹೇಳಿದರೆ ಏನಾಗುತ್ತೆ ಗೊತ್ತಾ? ಅವರು ಮೊದಲಿಂದ ಅಂತಿರೋದೇ ಅದು. ಈ ಜನಕ್ಕೆ ಕೊಟ್ಟರೆ ಸುಣ್ಣ ಮಾಡ್ತಾರೆ ಅಂತ. ಸುಣ್ಣ ನನ್ನ ಕೈಯಲ್ಲೇ ಇದೆಯಲ್ಲೇ. ಆ ಮನುಷ್ಯನಿಗೆ ನಾನೇ ಹೋಗಿ ಸಾಕ್ಷಿ ಕೊಟ್ಟ ಹಾಗಲ್ವಾ?"

"ಹೇಳದಿದ್ದರೆ?"

"ಹೇಳದಿದ್ದರೆ ಅವಳು ಬರಲ್ಲ."

"ಸರಿ ಹಾಗಾದ್ರೆ. ಹೇಳಿದರೆ ನಿನ್ನ ಮಾನ ಹೋಗಬಹುದು, ಕೀಲಿ ಹೋಗಬಹುದು, ನಮ್ಮೂರಿನ ಹೆಸರೂ ಹೋಗಬಹುದು. ಹೇಳದಿದ್ದರೆ ಹುಡುಗಿ ಖಂಡಿತ ಹೋಗ್ತಾಳೆ. ಇದರಲ್ಲಿ ಯೋಚನೆ ಮಾಡೋದು ಏನಿದೆ?"

"ಮಾನ ನಿಂದಲ್ಲವಲ್ಲ, ಅದಕ್ಕೇ ಅಷ್ಟು ಸಲೀಸಾಗಿ ಹೇಳ್ತೀಯ."

"ನನ್ನ ಮಾನ ಆ ಗೋಡೆ ಜೊತೆ ಎಂದೋ ಉದುರಿಹೋಗಿದೆ" ಎಂದು ಮೋಸ್ಖಾ ಎದ್ದು ಹೋದರು.

ಗುರುವಾರ ಬೆಳಿಗ್ಗೆ ಹಡಗು ತಡವಾಗಿತ್ತು. ಹಾಲ್ಸ್ಟೆಡ್ ತಮ್ಮ ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು ಕಾಫಿ ಅಂಗಡಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಇಸಿದೋರೋಸ್, ಮಿರ್ಸಿನಿ. ಅನೇಜಕ್ಕ ಭಾನುವಾರದ ಕಪ್ಪು ಬಟ್ಟೆ ಹಾಕಿ, ಒಂದು ಕೈಯಲ್ಲಿ ಸುಣ್ಣದ ಬಕೆಟ್ಟು, ಇನ್ನೊಂದರಲ್ಲಿ ಬ್ರಷ್ಷು ಹಿಡಿದು ಬಂದರು. ಬ್ರಷ್ಷನ್ನೂ ಮ್ಯೂಸಿಯಂ ಕೀಲಿಯನ್ನೂ ಮೇಜಿನ ಮೇಲೆ ಇಟ್ಟರು.

"ಸ್ವಾಮಿ, ನಿಮ್ಮ ಅಚ್ಚು ಕೂರದೇ ಇರೋದಕ್ಕೆ ಕಾರಣ ನಾನು. ಅಲ್ಲಿ ಕಲ್ಲಿನ ಮೇಲೆ ನನ್ನ ಸುಣ್ಣ ಇದೆ. ಅರವತ್ತೆರಡು ವರ್ಷದ್ದು ನನ್ನದು. ಅದರ ಕೆಳಗಿರೋದು ನಮ್ಮಜ್ಜೀದು. ಅದರ ಕೆಳಗಿರೋದು ಯಾರದೋ ನನಗೆ ಗೊತ್ತಿಲ್ಲ."

ಇಸಿದೋರೋಸ್ ಟೋಪಿಯಿಂದ ಮುಖ ಮುಚ್ಚಿಕೊಂಡ. "ಅನೇಜಕ್ಕ, ನೀನು ಇವತ್ತೇ ಯಾಕೆ ಬಾಯಿ ಬಿಟ್ಟೆ? ಇಲ್ಲ ನಿನ್ನೆ ಬಿಡಬೇಕಿತ್ತು, ಇಲ್ಲ ಮೂವತ್ತು ವರ್ಷದ ಹಿಂದೆ ಬಿಡಬೇಕಿತ್ತು."

ಮಿರ್ಸಿನಿ ಮಾತ್ರ ತಲೆಯಾಡಿಸಿದಳು. "ಸಾಧ್ಯವೇ ಇಲ್ಲ. ಆ ಭಾಗವನ್ನ ನಾನೇ ಭೂತಗನ್ನಡಿ ಹಿಡಿದು ನೋಡಿದೀನಿ. ಅದು ಕಲ್ಲು."

"ನೀನು ಕಣ್ಣಲ್ಲಿ ನೋಡಿದೆ ಮಗಳೇ. ನೀರು ಹಾಕಿ ನೋಡಿದ್ಯಾ? ಹಳೇ ಸುಣ್ಣ ನೀರು ಕುಡಿಯುತ್ತೆ. ಈ ಕಲ್ಲು ಕುಡಿಯಲ್ಲ."

ಎಲ್ಲರೂ ಗುಡ್ಡ ಹತ್ತಿದರು. ಅನೇಜಕ್ಕ ಬೆರಳನ್ನು ನೀರಿನಲ್ಲಿ ಅದ್ದಿ, ಮೊದಲು ಪಾದದ ಮೇಲೆ ಒಂದು ಹನಿ ಬಿಟ್ಟರು. ಹನಿ ಮುತ್ತಿನಂತೆ ದುಂಡಗೆ ಕೂತಿತು. ಆಮೇಲೆ ಮುರಿದ ಭಾಗದ ಮೇಲೆ ಒಂದು ಹನಿ ಬಿಟ್ಟರು. ಹತ್ತು ಎಣಿಸುವುದರೊಳಗೆ ಅದು ಮಾಯವಾಯಿತು. ಹಾಲ್ಸ್ಟೆಡ್ ಬಾಗಿ ಇನ್ನೊಂದು ಹನಿ ತಾವೇ ಬಿಟ್ಟರು. ಅದೂ ಹೋಯಿತು. ದೂರದಲ್ಲಿ ಹಡಗು ಕೂಗಿತು. ಅವರು ಕಿಟಕಿಯಿಂದ ಹಡಗನ್ನು ನೋಡಿದರು, ಪಾದವನ್ನು ನೋಡಿದರು. "ಆ ನೌಕೆಯು ನಾನಿಲ್ಲದೆಯೇ ತೆರಳಲಿ" ಎಂದರು.

ಮಿರ್ಸಿನಿ ಅಥೆನ್ಸಿಗೆ ಫೋನ್ ಮಾಡಿ ಅನುಮತಿ ಪಡೆದಳು. ಸುಣ್ಣ ಬಿಡಿಸಲು ನಾಲ್ಕು ದಿನ ಹಿಡಿಯಿತು. ಕಬ್ಬಿಣ ಮುಟ್ಟಿಸುವ ಹಾಗಿರಲಿಲ್ಲ. ಮರದ ಕಡ್ಡಿಯನ್ನು ಚೂಪು ಮಾಡಿ, ನೀರು ಸವರಿ, ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಬಿಡಿಸಬೇಕಾಗಿತ್ತು. ಅನೇಜಕ್ಕ ಪಕ್ಕದ ಕುರ್ಚಿಯಲ್ಲಿ ಕೂತು ಒಂದೊಂದು ಪದರದ ಕಥೆ ಹೇಳಿದರು. ಅವರ ಬದುಕು ನನಗೆ ಪೂರ್ತಿಯಾಗಿ ಗೊತ್ತಾದದ್ದು ಆ ನಾಲ್ಕು ದಿನಗಳಲ್ಲಿ.

"ಇದು ದಪ್ಪಗಿದೆಯಲ್ಲ, ನನ್ನ ಮೊಮ್ಮಗಳು ಹುಟ್ಟಿದ ವರ್ಷದ್ದು. ತೊಟ್ಟಿಲಲ್ಲಿ ಅಳ್ತಾ ಇದ್ದಳು, ಬೇಗ ಬೇಗ ಬಳಿದೆ. ಇದು ಬೂದಿ ಬಣ್ಣ. ಆ ವರ್ಷ ಮಾರ್ಕೆಲ್ಲೋಸ್ ಸಮುದ್ರದಿಂದ ವಾಪಸ್ಸು ಬರಲಿಲ್ಲ. ಸುಣ್ಣ ಸರಿಯಾಗಿ ಸೋಸಿಲ್ಲ." ಮಾರ್ಕೆಲ್ಲೋಸ್ ಅವರ ಗಂಡ, ಮೋಸ್ಖಾ ಅವರ ಅಣ್ಣ. ಇಬ್ಬರೂ ಬಗ್ಗಿ ಆ ಬೂದಿ ಬಣ್ಣದ ಚೂರನ್ನು ನೋಡಿದರು. ಮಿರ್ಸಿನಿ ಅದನ್ನು ಬೇರೆ ಕಾಗದದಲ್ಲಿ ಸುತ್ತಿ ಮೋಸ್ಖಾ ಅವರ ಕೈಗೆ ಕೊಟ್ಟಳು.

ಇನ್ನೂ ಒಳಗೆ ಹೋದಾಗ ಒಂದು ಪದರ ತಿಳಿನೀಲಿಯಾಗಿತ್ತು. ಅನೇಜಕ್ಕ ಕೆಂಪಾದರು.

"ಇದು ಏನು?" ಎಂದು ಕೇಳಿದರು ಹಾಲ್ಸ್ಟೆಡ್.

"ಮದುವೆ ವರ್ಷ. ಬಟ್ಟೆಗೆ ಹಾಕೋ ನೀಲಿ ಸೇರಿಸಿದ್ದೆ. ನನ್ನ ಮನೆ ಬಾಗಿಲಿಗೆ ಬಳಿದ ಬಣ್ಣವೇ ಅವಳಿಗೂ ಇರಲಿ ಅಂತ."

"ನಮ್ಮಣ್ಣನಿಗೆ ಮನೆ ಬಾಗಿಲು ಯಾಕೆ ಅರ್ಧಕ್ಕೇ ನೀಲಿ ಅಂತ ಸಾಯೋವರೆಗೂ ಗೊತ್ತಾಗಲಿಲ್ಲ" ಎಂದರು ಮೋಸ್ಖಾ. "ಉಳಿದ ಬಣ್ಣ ಇಲ್ಲಿದೆ ನೋಡು!" ಕೋಣೆಯಲ್ಲಿದ್ದವರೆಲ್ಲ ನಕ್ಕರು. ಹಾಲ್ಸ್ಟೆಡ್ ಅದನ್ನೂ ಪುಸ್ತಕದಲ್ಲಿ ಬರೆದುಕೊಂಡರು.

ಈ ನಡುವೆ ಇಸಿದೋರೋಸ್ ಶಿಸ್ತಿನ ಕ್ರಮ ಎಂದು ಅನೇಜಕ್ಕನ ಕೀಲಿ ತನ್ನ ಹತ್ತಿರವೇ ಇಟ್ಟುಕೊಂಡಿದ್ದ. ಶುಕ್ರವಾರ ಬೆಳಿಗ್ಗೆ ಬಾಗಿಲು ತೆರೆಯಲು ಹೋಗಿ ಮುಕ್ಕಾಲು ಗಂಟೆ ಒದ್ದಾಡಿದ. ಸೊಂಟ ಕೊಟ್ಟ, ಭುಜ ಕೊಟ್ಟ, ಕೊನೆಗೆ ಕಾಲು ಕೊಟ್ಟ. ಹಾಲ್ಸ್ಟೆಡ್ ಬಿಸಿಲಿನಲ್ಲಿ ಕಾಯುತ್ತಿದ್ದರು. ಆಮೇಲೆ ತಾನೇ ಹೋಗಿ ಅನೇಜಕ್ಕನಿಗೆ ಕೀಲಿ ಹಿಂದಿರುಗಿಸಿದ. "ಕೀಲಿ ನಿನ್ನದೇ. ಆದರೆ ಬ್ರಷ್ಷು ಮನೇಲಿರಲಿ ತಾಯಿ, ಕೈ ಮುಗಿತೀನಿ" ಎಂದ.

ಸೋಮವಾರ ಸಂಜೆಯ ಹೊತ್ತಿಗೆ ಕೊನೆಯ ಪದರ ಬಂತು. ಅದರ ಕೆಳಗಿದ್ದ ಕಲ್ಲನ್ನು ನಾವು ಯಾರೂ ಮರೆಯುವುದಿಲ್ಲ. ಅದು ಸವೆದಿರಲಿಲ್ಲ. ಮುರಿದ ಏಣುಗಳು ಸಕ್ಕರೆಯ ಹರಳಿನಂತೆ ಮಿನುಗುತ್ತಿದ್ದವು, ಇವತ್ತು ಬೆಳಿಗ್ಗೆಯಷ್ಟೇ ಮುರಿದಂತೆ. ಇನ್ನೂರು ವರ್ಷದ ಉಪ್ಪುಗಾಳಿ ಸುಣ್ಣವನ್ನು ತಿಂದಿತ್ತು. ಕಲ್ಲಿಗೆ ತಲುಪುವ ಮುಂಚೆಯೇ ಪ್ರತಿ ವರ್ಷ ಒಬ್ಬ ಹೆಂಗಸು ಬಂದು ಹೊಸ ಸುಣ್ಣ ಬಳಿದು ಹೋಗುತ್ತಿದ್ದಳು.

ಹಾಲ್ಸ್ಟೆಡ್ ಅವರೂ ಮಿರ್ಸಿನಿಯೂ ಅಚ್ಚನ್ನು ಮತ್ತೆ ಇಳಿಸಿದರು. ಟಕ್ ಎಂದು ಒಂದು ಸಣ್ಣ ಸದ್ದು. ಅಷ್ಟೇ. ಮಿರ್ಸಿನಿ ಸಂದಿಯಲ್ಲಿ ಒಂದು ಕೂದಲೆಳೆ ತೂರಿಸಲು ನೋಡಿದಳು, ಆಗಲಿಲ್ಲ. ಆ ಮಿತಭಾಷಿ ಹೆಂಗಸು ಅನೇಜಕ್ಕನನ್ನು ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ಯಾರೋ ಓಡಿಹೋಗಿ ಚರ್ಚಿನ ಗಂಟೆ ಹೊಡೆದರು. ಉಪವಾಸದ ದಿನ ಹೀಗೆ ಗಂಟೆ ಹೊಡೆಯುವಂತಿಲ್ಲ ಎಂದು ಪಾದ್ರಿ ಬೈಯುತ್ತ ಬಂದವರು, ವಿಷಯ ಕೇಳಿ ತಾವೇ ಹಗ್ಗ ಹಿಡಿದರು.

ಗದ್ದಲದ ನಡುವೆ ಅನೇಜಕ್ಕ ಹಾಲ್ಸ್ಟೆಡ್ ಅವರ ಹತ್ತಿರ ಹೋದರು. "ಸ್ವಾಮಿ, ವರದೀಲಿ ಸುಣ್ಣದ ವಿಷಯ ಬರೀತೀರಾ?"

"ಬರೆಯಲೇಬೇಕು ತಾಯೇ."

"ಏನಂತ?"

ಅವರು ಸರಿಯಾದ ಪದಗಳಿಗಾಗಿ ಬಹಳ ಹುಡುಕಿದರು. "ನಾವು ಅವಳನ್ನು ಗಾಜಿನ ಮನೆಯಲ್ಲಿಟ್ಟು ಕಾಪಾಡಿದೆವು. ನೀವು ಬಯಲಿನಲ್ಲಿಟ್ಟು ಕಾಪಾಡಿದಿರಿ. ನಿಮ್ಮದೇ ಕಷ್ಟದ ಕೆಲಸ. ಹೀಗೆಂದು ಬರೆಯುವೆನು."

ದೊಡ್ಡ ಮ್ಯೂಸಿಯಂನವರು ಸಭೆ ಸೇರಿ, ವಕೀಲರನ್ನು ಕೇಳಿ, ಮತ್ತೆ ಸಭೆ ಸೇರಿ ಒಪ್ಪಲು ಒಂದು ವರ್ಷವೇ ಹಿಡಿಯಿತು. ಈ ವರ್ಷ ಈಸ್ಟರ್ ಕಳೆದ ಮೂರನೇ ಶನಿವಾರ, ಮಧ್ಯಾಹ್ನದ ಹಡಗಿನಲ್ಲಿ, ಹುಡುಗಿ ಬಂದಳು. ಬಂದರಿನಿಂದ ಗುಡ್ಡದವರೆಗೆ ಒಂದೊಂದು ಕಲ್ಲಿಗೂ ಸುಣ್ಣ ಬಳಿದಿತ್ತು. ಮನೆಮನೆಯಿಂದ ಎಳ್ಳಿನ ಬಿಸ್ಕತ್ತು, ಹುರಿದ ಮೀನು, ಕುರಿಮಾಂಸ, ಜೇನು ಹಾಕಿದ ಚೀಸಿನ ಕಡುಬು ಬಂದಿದ್ದವು. ಪಿಟೀಲು ನುಡಿಸುವವರು ಬೆಳಿಗ್ಗೆಯೇ ಶುರು ಮಾಡಿಬಿಟ್ಟಿದ್ದರು. ಪೆಟ್ಟಿಗೆ ಬಿಚ್ಚಿ, ಮಿರ್ಸಿನಿಯ ಜನ ಅವಳನ್ನು ಅವಳ ಪಾದದ ಮೇಲೆ ನಿಲ್ಲಿಸುವಷ್ಟರಲ್ಲಿ ನಾಲ್ಕು ಗಂಟೆಯಾಗಿತ್ತು. ಅಲ್ಲಿಯವರೆಗೂ ಅನೇಜಕ್ಕ ಹೊರಗೆ ಗೋಡೆಗೆ ಮುಖ ಮಾಡಿ ನಿಂತಿದ್ದರು. ಒಳಗೆ ಕರೆದಾಗ ಬಾಗಿಲಲ್ಲಿ ಮೋಸ್ಖಾ ತಡೆದರು.

"ಕೈ ತೋರಿಸು."

ಅನೇಜಕ್ಕ ಎರಡೂ ಕೈ ಚಾಚಿದರು. ನಿಂಬೆಹಣ್ಣು ಹಾಕಿ ಉಜ್ಜಿ ಉಜ್ಜಿ ತೊಳೆದಿದ್ದರು. ಉಗುರಿನ ಸಂದಿಯಲ್ಲೂ ಬಿಳಿ ಇರಲಿಲ್ಲ.

"ಜೇಬು?"

"ಹೋಗೇ!"

ಒಳಗೆ ಹೋಗಿ ಅವರು ಮೊದಲು ಪಾದ ನೋಡಿದರು, ರೂಢಿಯಂತೆ. ಆಮೇಲೆ ನಿಧಾನವಾಗಿ ಕಣ್ಣೆತ್ತಿದರು: ಬಟ್ಟೆಯ ನೆರಿಗೆ, ಅದನ್ನು ಹಿಡಿದೆತ್ತಿದ ಕೈ, ಹೆಗಲ ಮೇಲೆ ಇಳಿಬಿದ್ದ ಜಡೆ. ಮುಖ ತಲುಪಿದಾಗ ಅನೇಜಕ್ಕ ಬಾಯಿಗೆ ಕೈ ಅಡ್ಡ ಹಿಡಿದರು.

"ಅಯ್ಯೋ, ಇವಳು ನಗ್ತಾ ಇದಾಳಲ್ಲೇ! ಇಷ್ಟು ವರ್ಷ ನಾನು ಅಳ್ತಿದಾಳೆ ಅಂದುಕೊಂಡಿದ್ದೆ."

"ವರ್ಷ ವರ್ಷ ಕಾಲಿಗೆ ಬ್ರಷ್ಷು ಆಡಿಸಿ ಕಚಗುಳಿ ಇಟ್ಟಿದೀಯ" ಎಂದರು ಮೋಸ್ಖಾ. "ನಗದೆ ಇನ್ನೇನು ಮಾಡ್ತಾಳೆ?"